ಕೌದಿ ಹೊಲಿಯುತ್ತಾ ದೇವರ ವಾಕ್ಯ ಧ್ಯಾನಿಸುವುದು: ಬಟ್ಟೆ ಕೂಡಿಸುವುದರಿಂದ ಕೊಡುವವರೆಗೆ ಸಮಗ್ರ ಮಾರ್ಗದರ್ಶಿ

ಕಾರವಾರದಿಂದ ಹೊನ್ನಾವರದವರೆಗೆ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರ, ಹಳಿಯಾಳದವರೆಗೆ, ಚರ್ಚಿಗೆ ಹೋಗುವ ಹೆಂಗಸರು ಒಂದು ಆಸೆಯನ್ನು ಆಗಾಗ ಹೇಳುತ್ತಾರೆ. ಹೇಗೂ ಕೌದಿ ಹೊಲಿಯುತ್ತೇವೆ, ಆ ಹೊತ್ತು ಪ್ರಾರ್ಥನೆಯ ಹೊತ್ತೂ ಆಗಬೇಕು, ಅದರಲ್ಲಿ ವಿಶ್ವಾಸದ ಪಾಠ ಸಿಗಬೇಕು. ಆಸೆ ಒಳ್ಳೆಯದು. ಆದರೆ ಬಹಳ ಜನ ಅರ್ಧಕ್ಕೇ ಬಿಡುತ್ತಾರೆ. ಕೌದಿಯೂ ಮುಗಿಯುವುದಿಲ್ಲ, ಧ್ಯಾನವೂ ಕೂಡಿಬರುವುದಿಲ್ಲ.

ಎಡವುವ ಜಾಗ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಮೊದಲು ಪಾಠ ಆರಿಸಿಕೊಂಡು ಆಮೇಲೆ ಸೂಜಿ ಹಿಡಿಯುತ್ತಾರೆ. "ಹರಿದ ತುಂಡು ಅಂದರೆ ನಮ್ಮ ಬದುಕು, ದಾರ ಅಂದರೆ ದೇವರ ಪ್ರೀತಿ" ಎಂದು ಮೊದಲ ದಿನವೇ ಹೇಳಿ ಮುಗಿಸುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವುದಕ್ಕೆ ಕೌದಿ ಹೊಲಿಯಬೇಕಾಗಿಯೇ ಇಲ್ಲ ಅಲ್ವಾ? ಎಲ್ಲವೂ ಗೊತ್ತಾದ ಮೇಲೆ ಕೈ ಏನನ್ನು ಕಲಿಯಬೇಕು?

ಆದ್ದರಿಂದ ಇಲ್ಲಿ ಕ್ರಮ ತಿರುಗಿಸಿದ್ದೇನೆ. ಮೊದಲು ಕೈಕೆಲಸ. ಆಮೇಲೆ ಕೈಗೆ ಏನು ಎದುರಾಯಿತು ಎಂದು ನೋಡುವುದು. ಬೈಬಲ್ ತೆರೆಯುವುದು ಅದರ ನಂತರ. ಪ್ರತಿ ಹಂತದ ಕೊನೆಯಲ್ಲಿ ಓದಬೇಕಾದ ಭಾಗ ಹೇಳಿದ್ದೇನೆ. ದಯವಿಟ್ಟು ಆ ಹಂತದ ಕೆಲಸ ಮುಗಿದ ಮೇಲೆಯೇ ಅದನ್ನು ಓದಿ.

ಬೇಕಾದ ಸಾಮಾನು

ಮೊದಲ ಕೌದಿ ಚಿಕ್ಕದಿರಲಿ. ಮಗುವಿನ ಕೌದಿ ಸಾಕು, 30 ಇಂಚು ಅಗಲ, 40 ಇಂಚು ಉದ್ದ. ಮಂಚದಷ್ಟು ದೊಡ್ಡದಕ್ಕೆ ಕೈ ಹಾಕಿದವರೇ ಜಾಸ್ತಿ ಜನ ಮಧ್ಯದಲ್ಲಿ ಬಿಡುವುದು.

ಅಡಿಭಾಗದ ಅಸ್ತರಿಗೆ ಹಳೆಯ, ಆದರೆ ಜೀರ್ಣವಾಗದ ಒಂದು ಹತ್ತಿ ಸೀರೆ. ಮೇಲಿನ ತುಂಡುಗಳಿಗೆ ಹಳೆ ಲುಂಗಿ, ಅಂಗಿ, ಪಂಚೆ, ನೈಟಿ, ದಿಂಬಿನ ಕವರು, ಯಾವುದಾದರೂ ಸರಿ, ಹತ್ತಿಯದಾಗಿರಲಿ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ನಮ್ಮ ಕರಾವಳಿಯ ಸೆಕೆಗೆ ಅದು ಆಗದು. ತುಂಡುಗಳನ್ನು ಮಡಚಿ ಒಂದರ ಮೇಲೊಂದು ಹತ್ತಿಸುವುದರಿಂದ ಅಸ್ತರಿನ ಎರಡರಷ್ಟು ಬಟ್ಟೆ ಇಟ್ಟುಕೊಳ್ಳಿ.

ಉದ್ದನೆಯ, ಕಣ್ಣು ದೊಡ್ಡದಿರುವ ಎರಡು ಸೂಜಿ. ದಬ್ಬಣ ಬೇಡ, ಅದು ಹಳೆ ಬಟ್ಟೆಯಲ್ಲಿ ತೂತು ಬಿಡುತ್ತದೆ. ದಪ್ಪ ಹತ್ತಿ ದಾರ. ಸಿಗದಿದ್ದರೆ ಹೊಲಿಗೆ ಯಂತ್ರದ ಹತ್ತಿ ದಾರವನ್ನೇ ಜೋಡಿ ಮಾಡಿ. ಕತ್ತರಿ, ಟೇಪು, ಬಟ್ಟೆ ಮೇಲೆ ಗುರುತು ಹಾಕುವ ಚಾಕ್‌ಪೀಸು, ಪಿನ್ನುಗಳು, ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿ. ಕೊನೆಯದನ್ನು ಬಹಳ ಜನ ಬೇಡ ಎನ್ನುತ್ತಾರೆ. ನಾಲ್ಕು ಪದರ ಬಟ್ಟೆಗೆ ಸೂಜಿ ತಳ್ಳುವಾಗ ಬೆರಳು ತೂತಾದರೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ.

ಪಿನ್ನಿನ ಬಗ್ಗೆ ಒಂದು ಮಾತು. ಕಾರವಾರ, ಅಂಕೋಲಾ, ಕುಮಟಾದಲ್ಲಿ ಗಾಳಿಯಲ್ಲೇ ಉಪ್ಪಿದೆ. ಬಟ್ಟೆಯಲ್ಲಿ ಚುಚ್ಚಿ ಬಿಟ್ಟ ಪಿನ್ನು ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಆ ಕಲೆ ಹೋಗುವುದಿಲ್ಲ. ಆ ಹೊತ್ತಿನ ಕೆಲಸ ಮುಗಿದ ಕೂಡಲೇ ಪಿನ್ನು ತೆಗೆದು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಇನ್ನು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಬೈಬಲ್. ಮೊಬೈಲಿನಲ್ಲೂ ಬೈಬಲ್ ಓದಬಹುದು. ಆದರೆ ಮೊಬೈಲ್ ಕೈಗೆ ಬಂದರೆ ವಾಟ್ಸಾಪ್ ನೋಡದೆ ಇರುವವರು ಕಡಿಮೆ. ಪುಸ್ತಕವೇ ಇರಲಿ.

ಹಂತ 1: ಬಟ್ಟೆ ಕೂಡಿಸುವುದು

ಏಪ್ರಿಲ್, ಮೇ ತಿಂಗಳಲ್ಲಿ ಶುರು ಮಾಡಿ. ಮಳೆ ಹಿಡಿದ ಮೇಲೆ ಬಟ್ಟೆ ಒಣಗುವುದಿಲ್ಲ. ಮೇ ಮುಗಿಯುವುದರೊಳಗೆ ಕೂಡಿಸಿ, ತೊಳೆದು, ಬಿಸಿಲಿಗೆ ಹಾಕಿ ಎತ್ತಿಟ್ಟರೆ ಮಳೆಗಾಲ ಪೂರ್ತಿ ಹೊಲಿಯಲು ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನುಗಾರಿಕೆ ನಂಬಿದ ಮನೆಗಳಲ್ಲಿ ಈ ಎರಡು ತಿಂಗಳು ಕೈಗೆ ಸ್ವಲ್ಪ ಬಿಡುವು ಇರುತ್ತದೆ.

ಕೂಡಿಸುವಾಗ ಒಂದು ನಿಯಮ ಕಟ್ಟುನಿಟ್ಟಾಗಿರಲಿ. ಇನ್ನೂ ಉಡಬಹುದಾದ ಬಟ್ಟೆಯನ್ನು ಕತ್ತರಿಸಬೇಡಿ. ಅದನ್ನು ಬೇರೆ ಇಡಿ, ಬೇಕಾದವರಿಗೆ ಕೊಡಿ. ಕೌದಿಗೆ ಹೋಗಬೇಕಾದದ್ದು ಉಡಲು ಬಾರದ ಬಟ್ಟೆ. ಬಣ್ಣ ಚೆನ್ನಾಗಿದೆ ಎಂದು ಒಳ್ಳೆ ಸೀರೆಗೆ ಕತ್ತರಿ ಹಾಕುವುದು ಈ ಹಂತದ ದೊಡ್ಡ ತಪ್ಪು.

ಎರಡನೆಯ ನಿಯಮ: ತೀರಿಕೊಂಡವರ ಬಟ್ಟೆ ಸೇರಿಸುವುದಿದ್ದರೆ ಮನೆಯವರನ್ನೆಲ್ಲ ಕೇಳಿ. ಅಪ್ಪನ ಲುಂಗಿ ನಿಮಗೆ ಕೌದಿಯ ತುಂಡಾಗಿ ಕಾಣಬಹುದು. ತಮ್ಮನಿಗೆ ಅದು ಇನ್ನೂ ಅಪ್ಪನ ಲುಂಗಿಯೇ. ಅವನು ಬೇಡ ಎಂದರೆ ಮಡಚಿ ವಾಪಸ್ ಇಡಿ. ಒಪ್ಪಿದರೆ ಆ ತುಂಡಿಗೆ ಸೂಜಿ ಹಾಕುವ ದಿನ ಅವರ ಹೆಸರು ಹಿಡಿದು ಒಂದು ಪ್ರಾರ್ಥನೆ ಹೇಳಿ.

ಓದಿ: ಯೋಹಾನ 6:1–13. ಐದು ರೊಟ್ಟಿ, ಎರಡು ಮೀನಿನ ಪ್ರಸಂಗ. ಕೊನೆಗೆ ಯೇಸು ಉಳಿದ ತುಂಡುಗಳನ್ನು ಕೂಡಿಸಲು ಹೇಳುತ್ತಾರೆ, ಏನೂ ಹಾಳಾಗಬಾರದು ಎನ್ನುತ್ತಾರೆ. ಇಲ್ಲಿಂದ "ನನ್ನ ಬದುಕಿನ ಯಾವ ತುಂಡೂ ವ್ಯರ್ಥವಲ್ಲ" ಎಂಬ ಕಡೆಗೆ ಎಲ್ಲರೂ ಬೇಗ ಹಾರಿಬಿಡುತ್ತಾರೆ. ಸ್ವಲ್ಪ ನಿಲ್ಲಿ. ಆ ತುಂಡುಗಳನ್ನು ಕೂಡಿಸಿದ್ದು ಎಲ್ಲರ ಹೊಟ್ಟೆ ತುಂಬಿದ ಮೇಲೆ. ಹಂಚುವುದು ಮೊದಲು, ಕೂಡಿಸುವುದು ಆಮೇಲೆ. ಉಡಬಹುದಾದ ಬಟ್ಟೆಯನ್ನು ಬೇರೆ ಇಟ್ಟಿರಿ ಅಲ್ವಾ, ಅದು ಇನ್ನೂ ಮೂಲೆಯಲ್ಲೇ ಕೂತಿದೆಯೋ ಯಾರಿಗಾದರೂ ತಲುಪಿತೋ ನೋಡಿ. ತಲುಪಿದ ಮೇಲೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ತೊಳೆದು ಕುಗ್ಗಿಸುವುದು

ಹಳೆ ಬಟ್ಟೆ ಎಷ್ಟೋ ಸಲ ನೀರು ಕಂಡಿರುತ್ತದೆ. ಅದು ಕುಗ್ಗುವಷ್ಟು ಕುಗ್ಗಿ ಆಗಿದೆ. ತೊಂದರೆ ಬರುವುದು ಟೈಲರ್ ಅಂಗಡಿಯಿಂದ ತಂದ ಹೊಸ ತುಂಡುಗಳಿಂದ. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ತೊಳೆಯದೆ ಹಾಗೇ ಹೊಲಿದರೆ ಕೌದಿಯನ್ನು ಮೊದಲ ಸಲ ಒಗೆದಾಗ ಅದು ಸುತ್ತಲಿನ ಹಳೆ ಬಟ್ಟೆಯನ್ನು ಎಳೆಯುತ್ತದೆ. ಹೊಲಿಗೆಯ ಪಕ್ಕದಲ್ಲೇ ಹಳೆ ಬಟ್ಟೆ ಸೀಳುತ್ತದೆ.

ಹೊಸ ತುಂಡುಗಳನ್ನು ಬಿಸಿ ನೀರಲ್ಲಿ ಒಂದು ರಾತ್ರಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ. ಇನ್ನೊಮ್ಮೆ ಹೀಗೇ ಮಾಡಿ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಬೇರೆ ಬೇರೆ ನೆನೆಸಿ. ಬಣ್ಣ ಬಿಡುತ್ತದೋ ನೋಡಲು ಒದ್ದೆ ಮೂಲೆಯನ್ನು ಬಿಳಿ ಬಟ್ಟೆಗೆ ಒತ್ತಿ ಹಿಡಿಯಿರಿ. ಎರಡು ಸಲ ತೊಳೆದ ಮೇಲೂ ಬಣ್ಣ ಹತ್ತಿದರೆ ಆ ತುಂಡು ಈ ಕೌದಿಗೆ ಬೇಡ.

ಪೂರ್ತಿ ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಎಳೆಗಳು ಅಲ್ಲಲ್ಲಿ ಕಾಣೆಯಾಗಿ ಬೆಳಕು ತೂರಿಬಂದರೆ ಆ ಭಾಗ ಕತ್ತರಿಸಿ ತೆಗೆಯಿರಿ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಚರ್ ಎಂದರೆ ಇಡೀ ತುಂಡೇ ಬೇಡ. ಮುಗ್ಗಲು ವಾಸನೆ ಬಂದರೆ ಮತ್ತೆ ಬಿಸಿಲಿಗೆ ಹಾಕಿ. ಒಳಗೆ ಸೇರಿದ ಮುಗ್ಗಲು ಪಕ್ಕದ ತುಂಡುಗಳಿಗೂ ಹರಡುತ್ತದೆ.

ಓದಿ: ಮಾರ್ಕ 2:18–22, ಆಮೇಲೆ ಲೂಕ 5:33–39. ಹಳೆ ಬಟ್ಟೆಗೆ ಹೊಸ, ಇನ್ನೂ ಕುಗ್ಗಿಸದ ಬಟ್ಟೆಯ ತೇಪೆ ಯಾರೂ ಹಾಕುವುದಿಲ್ಲ, ಹಾಕಿದರೆ ತೇಪೆ ಎಳೆದು ಹರಕು ಇನ್ನೂ ದೊಡ್ಡದಾಗುತ್ತದೆ ಎಂಬ ಮಾತು ಇಲ್ಲಿದೆ. ಈಗ ಇದು ನಿಮಗೆ ಉಪಮೆ ಮಾತ್ರ ಅಲ್ಲ, ಕೈಯಾರೆ ಗೊತ್ತಿರುವ ವಿಷಯ. ಲೂಕ ಇನ್ನೊಂದು ಸಂಗತಿ ಸೇರಿಸುತ್ತಾನೆ: ತೇಪೆಗಾಗಿ ಹೊಸ ಬಟ್ಟೆಯನ್ನೇ ಹರಿದರೆ ಹೊಸದೂ ಕೆಟ್ಟಿತು, ತೇಪೆ ಹಳೆಯದಕ್ಕೂ ಹೊಂದಲಿಲ್ಲ. ಎರಡೂ ಹಾಳು.

ಇಲ್ಲಿ ಒಂದು ಎಚ್ಚರಿಕೆ. ಈ ಭಾಗವನ್ನು "ಹಳೆಯದು ಕೆಟ್ಟದ್ದು, ಹೊಸದು ಒಳ್ಳೆಯದು" ಎಂದು ಓದುವವರಿದ್ದಾರೆ. ಕೆಲವರು ಇನ್ನೂ ಮುಂದೆ ಹೋಗಿ ಹಳೆ ಒಡಂಬಡಿಕೆಯೇ ಹರಕು ಬಟ್ಟೆ ಎನ್ನುತ್ತಾರೆ. ಅದು ತಪ್ಪು. ಪ್ರಶ್ನೆ ಇದ್ದದ್ದು ಉಪವಾಸದ ಬಗ್ಗೆ. ಯೇಸುವಿನ ಶಿಷ್ಯರು ಯಾಕೆ ಉಪವಾಸ ಮಾಡುತ್ತಿಲ್ಲ ಎಂದು ಜನ ಕೇಳಿದ್ದರು. ಮದುಮಗ ಜೊತೆಗಿರುವಾಗ ಉಪವಾಸ ಹೊಂದುವುದಿಲ್ಲ ಎಂದು ಯೇಸು ಹೇಳಿದರು. ಬದುಕಿನ ಉಳಿದದ್ದನ್ನೆಲ್ಲ ಹಾಗೇ ಇಟ್ಟುಕೊಂಡು ಯೇಸುವನ್ನು ಒಂದು ತೇಪೆಯಾಗಿ ಹಚ್ಚಿಕೊಳ್ಳಲು ಬರುವುದಿಲ್ಲ, ನಾನು ಅದನ್ನು ಹೀಗೆ ಓದುತ್ತೇನೆ. ಭಾನುವಾರದ ಒಂದು ಗಂಟೆಗೆ ಮಾತ್ರ ವಿಶ್ವಾಸ ಹಚ್ಚಿಕೊಂಡಾಗ ಅದು ಎಲ್ಲಿ ಎಳೆಯುತ್ತದೆ, ಎಲ್ಲಿ ಹರಿಯುತ್ತದೆ? ಪ್ರತಿಯೊಬ್ಬರೂ ತಮ್ಮ ಮನೆಯನ್ನೇ ನೋಡಿ ಹೇಳಬೇಕಾದ ಉತ್ತರ ಅದು.

ಹಂತ 3: ಅಸ್ತರು ಸಿದ್ಧಪಡಿಸುವುದು

ಸೀರೆಯನ್ನು 32 ಇಂಚು, 42 ಇಂಚಿಗೆ ಕತ್ತರಿಸಿ. ನಾಲ್ಕೂ ಬದಿ ಒಂದು ಇಂಚು ಒಳಕ್ಕೆ ಮಡಚಿ, ಇಸ್ತ್ರಿ ಮಾಡಿ, ಪಿನ್ನು ಹಾಕಿ. ನೆಲದ ಮೇಲೆ ಚಾಪೆ ಹಾಸಿ ಅದರ ಮೇಲೆ ಮಡಿಕೆ ಮೇಲ್ಮುಖವಾಗಿ ಹರಡಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಒಂದೇ ಬಂದರೆ ಚೌಕ ಸರಿಯಿದೆ. ಬಾರದಿದ್ದರೆ ಈಗಲೇ ಸರಿಮಾಡಿ. ಮುಂದೆ ಆಗುವುದಿಲ್ಲ.

ಕೌದಿ ದಪ್ಪ ಬೇಕಿದ್ದರೆ ಮಧ್ಯದಲ್ಲಿ ಇನ್ನೊಂದು ಪದರ ಹಳೆ ಹತ್ತಿ ಬಟ್ಟೆ ಹಾಸಬಹುದು. ಶಿರಸಿ, ಯಲ್ಲಾಪುರದ ಚಳಿಗೆ ಬೇಕಾಗುತ್ತದೆ. ಕರಾವಳಿಗೆ ಬೇಡ. ಈ ಹಂತಕ್ಕೆ ಓದುವ ಭಾಗವಿಲ್ಲ. ಎಲ್ಲ ಕೆಲಸಕ್ಕೂ ವಾಕ್ಯ ಹುಡುಕಲೇಬೇಕು ಎಂದೇನಿಲ್ಲ.

ಹಂತ 4: ಅಂಚಿನಿಂದ ಒಳಕ್ಕೆ ಹೊಲಿಯುವುದು

ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರು, ಅಂದರೆ ಆಫ್ರಿಕಾ ಮೂಲದ ಸಮುದಾಯದವರು, ಕವಂದಿ (ಕೌದಿಗೆ ಅವರ ಹೆಸರು) ಹೊಲಿಯುವ ಕ್ರಮ ಇದು. ಮೂಲೆಯಲ್ಲಿ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ, ಸುತ್ತು ಸುತ್ತಾಗಿ ಮಧ್ಯಕ್ಕೆ ಬರುತ್ತಾರೆ. ಮೊದಲೇ ಮೇಲಿನ ಹಾಸು ಜೋಡಿಸಿಕೊಂಡು ಆಮೇಲೆ ಅಸ್ತರಿಗೆ ಹೊಲಿಯುವ ಪದ್ಧತಿಯೂ ಇದೆ. ಆದರೆ ಧ್ಯಾನಕ್ಕೆ ಈ ಸುತ್ತಿನ ಕ್ರಮವೇ ಒಳ್ಳೆಯದು. ಮುಂದಿನ ತುಂಡು ಯಾವುದು ಎಂದು ಪ್ರತಿ ಸಲ ನೋಡಿಯೇ ಆರಿಸಬೇಕಾಗುತ್ತದೆ.

1. ಕೆಳಗಿನ ಎಡ ಮೂಲೆಗೆ ಮೊದಲ ತುಂಡು ಇಡಿ. ಹೊರಗೆ ಮುಖ ಮಾಡಿದ ಎರಡು ಬದಿಗಳನ್ನು ಅರ್ಧ ಇಂಚು ಒಳಕ್ಕೆ ಮಡಚಿ, ಅಸ್ತರಿನ ಅಂಚಿಗೆ ಸರಿಯಾಗಿ ಕೂರಿಸಿ.

2. ದಾರ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಅದಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಪದೇ ಪದೇ ಸೂಜಿ ಪೋಣಿಸುವುದು ಬೇಸರ ಎಂದು ಉದ್ದ ದಾರ ಹಾಕಿದವರು ಗಂಟು ಬಿಡಿಸಲು ಅದಕ್ಕಿಂತ ಜಾಸ್ತಿ ಹೊತ್ತು ಕೂರುತ್ತಾರೆ. ಗಂಟನ್ನು ಎರಡು ಪದರದ ಮಧ್ಯೆ ಅಡಗಿಸಿ.

3. ಅಂಚಿನಿಂದ ಕಾಲು ಇಂಚು ಒಳಗೆ ಸಾದಾ ಹೊಲಿಗೆ ಹಾಕುತ್ತಾ ಹೋಗಿ. ಮೇಲೆ ಕಾಣುವ ಹೊಲಿಗೆ ಅಕ್ಕಿಕಾಳಿನಷ್ಟಿದ್ದರೆ ಸಾಕು. ಸೂಜಿ ಅಸ್ತರಿನ ಆಚೆ ಬಂದಿದೆಯೋ ಎಂದು ಎಡಗೈ ಬೆರಳು ಕೆಳಗಿಟ್ಟು ನೋಡುತ್ತಿರಿ.

4. ತುಂಡಿನ ಕೊನೆಗೆ ಒಂದು ಇಂಚು ಬಾಕಿ ಇರುವಾಗ ಮುಂದಿನ ತುಂಡಿನ ಅಂಚು ಮಡಚಿ ಅದರ ಮೇಲೆ ಹತ್ತಿಸಿ. ಮೊದಲಿನ ತುಂಡಿನ ಹರಿದ ಅಂಚು ಮುಂದಿನದರ ಅಡಿಗೆ ಪೂರ್ತಿ ಮುಚ್ಚಬೇಕು.

5. ಒಂದು ಸುತ್ತು ಮುಗಿದ ಮೇಲೆ ಹೆಬ್ಬೆರಳ ಅಗಲ ಒಳಕ್ಕೆ ಎರಡನೆಯ ಸುತ್ತು. ಹೀಗೇ ಮುಂದುವರಿಸಿ. ಸುತ್ತುಗಳು ತುಂಡಿನ ಒಳ ಅಂಚು ಮುಟ್ಟಿದಾಗ ಹೊಸ ತುಂಡುಗಳ ಸಾಲು ಸೇರಿಸಿ.

6. ದಾರ ಮುಗಿಯುವಾಗ ಎರಡು ಹೊಲಿಗೆ ಹಿಂದಕ್ಕೆ ಹಾಕಿ ಭದ್ರಪಡಿಸಿ.

ಈಗ ಮುಖ್ಯವಾದ ಮಾತು. ಪ್ರತಿ ತುಂಡು ಇಟ್ಟಾಗಲೂ ಅಸ್ತರನ್ನೂ ತುಂಡನ್ನೂ ಅಂಗೈಯಿಂದ ಮಧ್ಯದ ಕಡೆಗೆ ಸವರಿ. ದಾರ ಎಳೆದು ಬಿಗಿ ಮಾಡಬೇಡಿ, ಸೂಜಿ ಬಂದಷ್ಟಕ್ಕೆ ಬಿಡಿ. ಅಂಚಿನಲ್ಲಿ ಒಂದೊಂದು ಹೊಲಿಗೆಯೂ ಸ್ವಲ್ಪ ಬಿಗಿಯಾದರೆ ಆಗ ಗೊತ್ತಾಗುವುದಿಲ್ಲ. ಅಂಚು ಚೆನ್ನಾಗಿಯೇ ಕಾಣುತ್ತದೆ. ಸುತ್ತುಗಳು ಒಳಗೆ ಹೋದಂತೆ ಬಟ್ಟೆಗೆ ಜಾಗ ಸಾಲದೆ ಮಧ್ಯದಲ್ಲಿ ಉಬ್ಬು ಏಳುತ್ತದೆ. ಕೊನೆಯ ಸುತ್ತಿನಲ್ಲಿ ಕಂಡ ಉಬ್ಬಿಗೆ ಕಾರಣ ಕೊನೆಯ ಸುತ್ತಲ್ಲ. ಅದು ಮೊದಲ ಸುತ್ತಿನಲ್ಲೇ ಶುರುವಾಗಿತ್ತು.

ಮುನ್ಸೂಚನೆ ಹೀಗಿರುತ್ತದೆ: ಕೌದಿಯನ್ನು ನೆಲದ ಮೇಲೆ ಬಿಟ್ಟಾಗ ಮೂಲೆಗಳು ಮೇಲಕ್ಕೆ ಸುರುಳುತ್ತವೆ. ಮಧ್ಯದಲ್ಲಿ ಕೈ ಇಟ್ಟರೆ ಬಟ್ಟೆ ಕೆಳಗೆ ಕೂರುವುದಿಲ್ಲ. ಮೂರನೆಯ ಸುತ್ತಿನೊಳಗೆ ಹೀಗಾದರೆ ನಿಲ್ಲಿಸಿ ಬಿಚ್ಚಿ. ಮುಂದೆ ಸರಿಹೋಗುತ್ತದೆ ಎಂದು ಕಾಯಬೇಡಿ.

ಹೊಲಿಯುವಾಗ ಮಾತು, ಟಿವಿ, ಹಾಡು ಬೇಡವೇ? ಬೇಕು. ನಾಲ್ಕು ಜನ ಕೂತು ಹರಟುತ್ತಾ ಹೊಲಿಯುವುದೂ ಒಳ್ಳೆಯದೇ. ಆದರೆ ಕೂತ ಕೂಡಲೇ ಮೊದಲ ಕಾಲು ಗಂಟೆ ಸುಮ್ನೆ ಹೊಲಿಯಿರಿ. ಜಪಸರವನ್ನು ಆಗಲೇ ಸೇರಿಸಬೇಡಿ ಎಂದು ನನ್ನ ಸಲಹೆ. ಕೈಗೆ ಇನ್ನೂ ರೂಢಿಯಾಗದಿರುವಾಗ ಹೊಲಿಗೆ ಎಣಿಸುತ್ತಾ ಪ್ರಾರ್ಥನೆ ಹೇಳಿದರೆ ಎರಡೂ ಕಡೆ ಮನಸ್ಸು ಇರುವುದಿಲ್ಲ. ಕೈ ತಾನಾಗಿ ಓಡಲು ಶುರುವಾದ ಮೇಲೆ ನೋಡಿ.

ಓದಿ: ಲೂಕ 16:10. ಸಣ್ಣದರಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲೂ ನಂಬಿಗಸ್ತ ಎಂಬ ಮಾತು. ಇದನ್ನು ಮೊದಲ ಸುತ್ತು ಮುಗಿದ ದಿನ ಓದಿ. ಅರ್ಧ ಕೌದಿ ಆದ ಮೇಲೆ ಮತ್ತೆ ಓದಿ.

ಹಂತ 5: ಸಂಜೆಯ ನೋಟ್‌ಬುಕ್

ಇಡೀ ಕ್ರಮದಲ್ಲಿ ಜನ ಹೆಚ್ಚು ಬಿಟ್ಟುಬಿಡುವ ಭಾಗ ಇದು. ಆದರೆ ಪಾಠ ಸಿಗುವುದು ಇಲ್ಲೇ. ಹೊಲಿದ ದಿನ, ಪಿನ್ನು ತೆಗೆದಿಟ್ಟ ಮೇಲೆ, ಐದು ಸಾಲು ಬರೆಯಿರಿ. ಮೂರು ಪ್ರಶ್ನೆಗಳು, ಇದೇ ಕ್ರಮದಲ್ಲಿ.

ಮೊದಲನೆಯದು: ಇವತ್ತು ಕೈಗೆ ಏನಾಯಿತು? ಬಟ್ಟೆ, ದಾರ, ಸೂಜಿ, ಬೆರಳು, ಬೆಳಕು, ಇಷ್ಟರ ಬಗ್ಗೆ ಮಾತ್ರ ಬರೆಯಿರಿ. ದೇವರ ಹೆಸರು ಇಲ್ಲಿ ಬೇಡ. ಎರಡನೆಯದು: ಆಗ ನನಗೆ ಏನನ್ನಿಸಿತು? ಸಿಟ್ಟು ಬಂತೇ, ಅವಸರವಾಯಿತೇ, ಯಾರಾದರೂ ನೆನಪಾದರೇ? ಮೂರನೆಯದು: ಇದಕ್ಕೆ ಹತ್ತಿರದ ಯಾವ ಮಾತನ್ನು ಬೈಬಲ್‌ನಲ್ಲಿ ಕೇಳಿದ್ದೇನೆ, ಅದು ನಾಳೆ ಏನು ಮಾಡು ಎನ್ನುತ್ತಿದೆ?

ಒಂದು ಉದಾಹರಣೆ ನೋಡಿ. "ಇವತ್ತು ಬಣ್ಣಬಣ್ಣದ ತುಂಡು ಹೊಲಿದೆ. ದೇವರು ನಮ್ಮೆಲ್ಲರನ್ನೂ ಬೇರೆ ಬೇರೆಯಾಗಿ ಸೃಷ್ಟಿಸಿದ್ದಾನೆ." ಇದನ್ನು ಮನೆಯಲ್ಲಿ ಕೂತು, ಸೂಜಿ ಮುಟ್ಟದೆಯೂ ಬರೆಯಬಹುದಿತ್ತು. ಅದೇ ಸಂಜೆಗೆ ಇನ್ನೊಂದು ರೀತಿ: "ಅತ್ತೆಯ ಹಸಿರು ಸೀರೆಯ ತುಂಡು ಮೂರು ಸಲ ಕೈಗೆ ಬಂತು, ಮೂರು ಸಲವೂ ಕೆಳಗಿಟ್ಟೆ. ಬಣ್ಣ ಹೊಂದುವುದಿಲ್ಲ ಎಂದುಕೊಂಡೆ. ನಿಜವಾಗಿ ಬಣ್ಣದ ತೊಂದರೆಯಲ್ಲ. ಹೋದ ವಾರ ಅವರು ಆಡಿದ ಮಾತು ಇನ್ನೂ ಇದೆ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಮಾತು, ಮತ್ತಾಯ 5:23–24. ನಾಳೆ ಅವರ ಮನೆಗೆ ಹೋಗಬೇಕು." ಇದರಲ್ಲಿ ಕೈ ಇದೆ, ಮನಸ್ಸು ಇದೆ, ಮಾಡಬೇಕಾದ ಕೆಲಸ ಇದೆ.

ಮೂರನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಖಾಲಿ ಬಿಡಿ. ಬಲವಂತವಾಗಿ ವಾಕ್ಯ ತುರುಕಬೇಡಿ. ಬಹಳ ಸಂಜೆಗಳು ಖಾಲಿಯೇ ಇರುತ್ತವೆ. ಅದು ಸೋಲಲ್ಲ. ಭಾನುವಾರ ಪೂಜೆಗೆ ಹೋಗುವ ಮೊದಲು ವಾರದ ಪುಟಗಳನ್ನು ಓದಿ ನೋಡಿ. ಎಷ್ಟೋ ಸಲ ಆ ದಿನದ ವಾಚನವೇ ಖಾಲಿ ಜಾಗವನ್ನು ತುಂಬುತ್ತದೆ.

ವಾಕ್ಯ ಗೊತ್ತಿದ್ದೂ ಎಲ್ಲಿದೆ ಎಂದು ಸಿಗದಿದ್ದರೆ ಫಾದರ್ ಅಥವಾ ಸಿಸ್ಟರ್ ಅವರನ್ನು ಕೇಳಿ. ಅರ್ಧ ನೆನಪಿರುವ ವಾಕ್ಯದ ಮೇಲೆ ಪಾಠ ಕಟ್ಟಬೇಡಿ. ವಾಕ್ಯ ಸಿಕ್ಕಿದ ಮೇಲೆ ಅದರ ಮೇಲಿನ, ಕೆಳಗಿನ ಹತ್ತು ವಾಕ್ಯಗಳನ್ನೂ ಓದಿ. ತೇಪೆಯ ಉಪಮೆಯಲ್ಲಿ ನೋಡಿದೆವಲ್ಲ, ಸುತ್ತಲಿನ ಮಾತು ಬಿಟ್ಟರೆ ಅರ್ಥ ಎಲ್ಲಿಗೋ ಹೋಗುತ್ತದೆ.

ಹಂತ 6: ಬಿಚ್ಚುವುದು

ತಪ್ಪಾದ ಹೊಲಿಗೆಯನ್ನು ಎಳೆದು ಕೀಳಬೇಡಿ. ಹಳೆ ಬಟ್ಟೆ ದಾರಕ್ಕಿಂತ ಮೊದಲು ಹರಿಯುತ್ತದೆ. ಮೇಲಿನ ಬದಿಯಲ್ಲಿ ಮೂರು ನಾಲ್ಕು ಹೊಲಿಗೆಗೊಮ್ಮೆ ದಾರ ಕತ್ತರಿಸಿ, ಅಡಿಯಿಂದ ಮೆಲ್ಲಗೆ ಎಳೆಯಿರಿ. ಬಿಚ್ಚಿದ ಮೇಲೆ ತೂತಿನ ಗುರುತನ್ನು ಒದ್ದೆ ಬೆರಳಿನಿಂದ ಉಜ್ಜಿದರೆ ಎಳೆಗಳು ಕೂಡಿಕೊಳ್ಳುತ್ತವೆ.

ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಡಬೇಕು? ಬಟ್ಟೆ ಎಳೆಯುತ್ತಿದ್ದರೆ, ಅಸ್ತರು ಹಿಡಿಯದಿದ್ದರೆ, ಹರಿದ ಅಂಚು ಹೊರಗೆ ಕಾಣುತ್ತಿದ್ದರೆ ಬಿಚ್ಚಿ. ಸಾಲು ಸ್ವಲ್ಪ ಡೊಂಕಾಗಿದೆ, ಹೊಲಿಗೆ ಒಂದು ದೊಡ್ಡದು ಒಂದು ಚಿಕ್ಕದು, ಅಷ್ಟೇ ಆದರೆ ಬಿಡಿ. ಹೊದ್ದುಕೊಳ್ಳುವವರಿಗೆ ಅದು ತಾಗುವುದಿಲ್ಲ.

ಓದಿ: ಉಪದೇಶಕ 3:1–8. ಹರಿಯುವ ಕಾಲ, ಹೊಲಿಯುವ ಕಾಲ ಎರಡೂ ಅಲ್ಲಿ ಇವೆ. ಪಾಪನಿವೇದನೆಗೆ ಹೋಗುವ ಮುಂಚಿನ ವಾರ ಈ ಹಂತ ಬಂದರೆ ಒಳ್ಳೆಯದು. ಇಲ್ಲಿ ಸೂಕ್ಷ್ಮ ಮನಸ್ಸಿನವರಿಗೆ ಒಂದು ಮಾತು ಹೇಳಲೇಬೇಕು. ಡೊಂಕು ಹೊಲಿಗೆ ಪಾಪವಲ್ಲ. ಕೈಗೆ ಬಾರದಿರುವುದು ಬೇರೆ, ಗೊತ್ತಿದ್ದೂ ತಪ್ಪು ಮಾಡುವುದು ಬೇರೆ. ತಮ್ಮ ಎಲ್ಲ ಕೊರತೆಯನ್ನೂ ಪಾಪ ಎಂದು ಎಣಿಸಿ ನರಳುವ ಒಳ್ಳೆಯ ಜನ ನಮ್ಮಲ್ಲಿ ಇದ್ದಾರೆ. ಅವರು ರಾತ್ರಿ ಕೂತು ಇಡೀ ಸುತ್ತು ಬಿಚ್ಚುತ್ತಾರೆ. ಬೇಡ ತಂಗಿ. ಹಿಡಿದಿದೆಯೋ ನೋಡು, ಹಿಡಿದಿದ್ದರೆ ಮುಂದೆ ಹೋಗು.

ಹಂತ 7: ಮಧ್ಯ, ಶಿಲುಬೆ ಮತ್ತು ಮೂಲೆಯ ಫೂಲ

ಮಧ್ಯದ ಖಾಲಿ ಜಾಗ ಅಂಗೈಯಷ್ಟಾದಾಗ ಕೊನೆಯ ತುಂಡು ಆರಿಸಿ. ನಾಲ್ಕೂ ಬದಿ ಮಡಚಿ, ಇಸ್ತ್ರಿ ಮಾಡಿ, ಸುತ್ತಲೂ ಮುಚ್ಚುವ ಹಾಗೆ ಇಟ್ಟು ಹೊಲಿಯಿರಿ. ಅದರ ಮಧ್ಯದವರೆಗೂ ಸುತ್ತುಗಳು ಬರಲಿ.

ಶಿಲುಬೆ ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ಹಾಕಬಹುದು. ಕ್ರೈಸ್ತ ಸಿದ್ದಿ ಹೆಂಗಸರ ಕವಂದಿಗಳಲ್ಲಿ ಶಿಲುಬೆಯ ಆಕಾರ ಕಾಣುತ್ತದೆ. ಆದರೆ ಇದು ಹೊದೆಯುವ, ಹಾಸುವ ಬಟ್ಟೆ. ಕಾಲ ಬುಡಕ್ಕೆ ಶಿಲುಬೆ ಬಂದರೆ ಮನೆಯ ಹಿರಿಯರಿಗೆ ನೋವಾಗಬಹುದು. ತಲೆಯ ಬದಿಗೆ, ಚಿಕ್ಕದಾಗಿ ಇರಲಿ. ಬೇರೆ ಧರ್ಮದ ನೆರೆಯವರಿಗೆ ಕೊಡುವ ಕೌದಿಗೆ ಬೇಡವೇ ಬೇಡ. ಅವರಿಗೆ ಬೇಕಿರುವುದು ಬೆಚ್ಚಗಿನ ಹೊದಿಕೆ. ಅದರ ಜೊತೆ ಬೇರೆ ಏನನ್ನೂ ಹೊಲಿದು ಕಳಿಸಬಾರದು.

ಇನ್ನು ಮೂಲೆಗಳು. ಚೌಕ ತುಂಡನ್ನು ಮಡಚಿ ಮಡಚಿ ಚಿಕ್ಕ ತ್ರಿಕೋನ ಮಾಡಿ ನಾಲ್ಕು ಮೂಲೆಗೆ ಹೊಲಿಯುತ್ತಾರೆ. ಸಿದ್ದಿಗಳು ಇದನ್ನು ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಬಳಕೆಗೆ ಇದರಿಂದ ಏನೂ ಆಗಬೇಕಾಗಿಲ್ಲ. ಆದರೂ ಬಿಡಬೇಡಿ. ಬಡವರಿಗೆ ಕೊಡುವ ವಸ್ತು ಅಂದವಾಗಿರಬೇಕಾಗಿಲ್ಲ ಎಂದು ಮನಸ್ಸು ಹೇಳುವುದು ಇಲ್ಲೇ. ದಣಿವಾಗಿರುತ್ತದೆ, ಮುಗಿದರೆ ಸಾಕು ಅನ್ನಿಸುತ್ತದೆ. ಆಗ ವಿಮೋಚನಾಕಾಂಡ 35:30–35 ಓದಿ. ದೇವದರ್ಶನದ ಗುಡಾರಕ್ಕಾಗಿ ಕುಶಲ ಕೆಲಸ ಮಾಡಿದ ಬೆಚಲೇಲನನ್ನು ದೇವರು ತಮ್ಮ ಆತ್ಮದಿಂದ ತುಂಬಿದರು ಎಂದು ಅಲ್ಲಿದೆ. ಕಸೂತಿ, ನೇಯ್ಗೆಯ ಹೆಸರೂ ಅಲ್ಲಿ ಬರುತ್ತದೆ. ಕೈಯ ಅಂದವಾದ ಕೆಲಸ ದೇವರಿಗೆ ಸಣ್ಣ ವಿಷಯವಲ್ಲ.

ಎಲ್ಲಿ ದಾರಿ ತಪ್ಪುತ್ತದೆ: ಗಮನಿಸಬೇಕಾದ ಗುರುತುಗಳು

ನೋಟ್‌ಬುಕ್‌ನಲ್ಲಿ ದಿನವೂ ಸುಂದರ ಪಾಠ ಬರುತ್ತಿದ್ದು, ಮಾಡಬೇಕಾದ ಕೆಲಸ ಒಂದೂ ಬರದಿದ್ದರೆ ಎಚ್ಚರ. ನೀವು ಬರೆಯುತ್ತಿರುವುದು ಬೇರೆಯವರಿಗೆ ಓದಿ ಹೇಳಲು.

ಪಾಠದಲ್ಲಿ ಪದೇ ಪದೇ ಬೇರೆಯವರ ತಪ್ಪೇ ಕಾಣುತ್ತಿದ್ದರೂ ಹಾಗೇ. ಹರಿದ ತುಂಡು ಯಾವಾಗಲೂ ಸೊಸೆ, ದಾರ ಯಾವಾಗಲೂ ನಾನು ಎಂದಾದರೆ ಒಂದು ವಾರ ನೋಟ್‌ಬುಕ್ ಮುಚ್ಚಿ ಬರೀ ಹೊಲಿಯಿರಿ.

ಕೌದಿಯ ನೆಪದಲ್ಲಿ ಭಾನುವಾರದ ಬಲಿಪೂಜೆ, ಮನೆಯ ಸಂಜೆ ಪ್ರಾರ್ಥನೆ ತಪ್ಪುತ್ತಿದೆಯೇ? "ನನಗೆ ಹೊಲಿಗೆಯೇ ಪೂಜೆ" ಎಂಬ ಮಾತು ಬಾಯಿಗೆ ಬಂತೇ? ಹೊಲಿಗೆ ಪ್ರಾರ್ಥನೆಗೆ ನೆರವಾಗಬಹುದು, ಅದರ ಜಾಗಕ್ಕೆ ಬರಬಾರದು. ಕೂತಲ್ಲಿಂದ ಏಳುವುದೇ ಕಷ್ಟವಾಗುತ್ತಿದ್ದರೆ ಹೊಲಿಯುವ ಹೊತ್ತನ್ನು ಗಡಿಯಾರ ಇಟ್ಟು ಕಡಿಮೆ ಮಾಡಿ. ಬೆನ್ನಿಗೂ ಕಣ್ಣಿಗೂ ಅದು ಒಳ್ಳೆಯದು.

ಮಕ್ಕಳ ಜೊತೆ ಮಾಡುವುದಾದರೆ

ಧರ್ಮೋಪದೇಶ ತರಗತಿಯ ಮಕ್ಕಳಿಗೆ ಇಡೀ ಕೌದಿ ಬೇಡ. ಒಂದು ಅಡಿ ಚೌಕ, ಎರಡು ಸುತ್ತು ಸಾಕು. ಮೊನಚಿಲ್ಲದ ಸೂಜಿ ಕೊಟ್ಟರೆ ಪದರಗಳಿಗೆ ಇಳಿಯುವುದಿಲ್ಲ, ಮಕ್ಕಳು ಬೇಸರಪಡುತ್ತಾರೆ. ಸರಿಯಾದ ಸೂಜಿಯನ್ನೇ ಕೊಡಿ, ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಪಾಠ ನೀವು ಹೇಳಬೇಡಿ. ತೊಳೆದ ತುಂಡು ಒಂದು, ತೊಳೆಯದ ಹೊಸ ತುಂಡು ಒಂದು ಹೊಲಿಸಿ, ನೀರಿಗೆ ಹಾಕಿ, ಒಣಗಿದ ಮೇಲೆ ನೋಡಲು ಬಿಡಿ. ಆಮೇಲೆ ಮಾರ್ಕ 2:21 ಓದಿಸಿ. ಅವರೇ ಹೇಳುತ್ತಾರೆ.

ಹಂತ 8: ಕೊಡುವುದು

ಮೊದಲ ಕೌದಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಯಾರಿಗೆ ಎಂದು ಮಧ್ಯದ ತುಂಡು ಹೊಲಿಯುವುದರೊಳಗೆ ಗೊತ್ತಾಗಿರಬೇಕು. ದೂರದ ಹಾಸ್ಟೆಲಿನಲ್ಲಿ ಮಗು ಇರುವ ತಾಯಂದಿರು ಒಂದನೆಯ ಸಮುವೇಲ 2:18–19 ಓದಿ. ಹನ್ನಳು ದೇವಾಲಯದಲ್ಲಿ ಬಿಟ್ಟ ಮಗನಿಗೆ ವರ್ಷ ವರ್ಷ ಚಿಕ್ಕ ನಿಲುವಂಗಿ ಹೊಲಿದು ಒಯ್ಯುತ್ತಿದ್ದಳು. ಅಂಥ ಮಗು ನಿಮ್ಮದಿದ್ದರೆ ಎರಡನೆಯ ಕೌದಿ ಅದಕ್ಕೆ. ಮೊದಲನೆಯದು ಮನೆಯ ಹೊರಗೆ ಹೋಗಲಿ.

ಕೊಡುವ ಮುಂಚೆ ಒಂದು ಸಲ ಒಗೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಹೊಲಿದದ್ದು ಅಕ್ಟೋಬರ್ ಬಿಸಿಲಿಗೆ ಬರಲಿ, ಎರಡೂ ಬದಿ ಎರಡು ದಿನ. ಒಗೆದಾಗ ಯಾವ ಹೊಲಿಗೆ ಬಿಟ್ಟಿತು ನೋಡಿ, ಗಟ್ಟಿ ಮಾಡಿ. ಆ ಕೆಲಸವನ್ನು ಪಡೆಯುವವರ ತಲೆಗೆ ಹಾಕಬಾರದು.

ಓದಿ: ಪ್ರೇಷಿತರ ಕಾರ್ಯಕಲಾಪಗಳು 9:36–42, ಯಾಕೋಬ 2:15–16. ಯೊಪ್ಪದ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಅವಳು ಮಾಡಿಕೊಟ್ಟ ಉಡುಪುಗಳನ್ನು ಪೇತ್ರನಿಗೆ ತೋರಿಸುತ್ತಾರೆ. ತಬಿಥಾ ಆಡಿದ ಒಂದು ಮಾತೂ ಅಲ್ಲಿ ಬರೆದಿಲ್ಲ. ಯಾಕೋಬ ಇನ್ನೂ ನೇರವಾಗಿ ಕೇಳುತ್ತಾನೆ: ಉಡಲು ಇಲ್ಲದವನಿಗೆ "ಬೆಚ್ಚಗಿರು" ಎಂದು ಹೇಳಿ ಕಳಿಸಿದರೆ ಏನು ಪ್ರಯೋಜನ?

ಹಾಗಾಗಿ ಕೊಡುವಾಗ ಉಪದೇಶ ಬೇಡ, ಫೋಟೋ ಬೇಡ, ವಾಕ್ಯದ ಚೀಟಿ ಬೇಡ. ನಾಲ್ಕು ಜನರ ಮುಂದೆ ಕೊಡಬೇಡಿ, ಮನೆಗೆ ಹೋಗಿ ಕೊಡಿ. ಚಹಾ ಕೊಟ್ಟರೆ ಕುಡಿಯಿರಿ. ಕೇಳಿದರೆ ಮಾತ್ರ ಹೇಳಿ. ಒಗೆಯುವ ರೀತಿ ತಿಳಿಸಿ: ತಣ್ಣೀರು, ಕಡಿಮೆ ಸೋಪು, ಹಿಂಡಬಾರದು, ನೆಲಕ್ಕೆ ಬಡಿಯಬಾರದು, ಮಡಚಿ ತಂತಿಯ ಮೇಲೆ ಹಾಕಬೇಕು. ಅವರು ಅದನ್ನು ಹೊದೆಯದೆ ಬಾಗಿಲಿಗೆ ಹಾಸಿದರೆ, ಅಥವಾ ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಕೇಳಲು ಹೋಗಬೇಡಿ. ಹರಿದಿದೆ ಎಂದು ಅವರೇ ತಂದರೆ ಅದೇ ದಿನ ಸೂಜಿ ತೆಗೆದು, ಮೊದಲೇ ತೊಳೆದಿಟ್ಟ ತುಂಡಿನಿಂದ ತೇಪೆ ಹಾಕಿಕೊಡಿ.